ನೀರ್ ಬಂತೇನೇ?

ನಮ್ಮ ಅಬ್ಬಿಗೆರೆ ಮನೆಯ ಬಾವಿ ಮೋಟಾರಿನ ಸುಟ್ಟ ಕೆಪಾಸಿಟರ್ ಕಿತ್ತು, ಅಂಗಡಿಯವನು ಹೇಳಿಕೊಟ್ಟಂತೆ ಹೊಸದನ್ನು ಕೂರಿಸಿ, ಕಣ್ಣು ಮುಚ್ಚಿಕೊಂಡು ಸ್ವಿಚ್ ಒತ್ತಿದೆ. ಬಲ್ಬ್ ಬದಲಿಸಲೂ ರಬ್ಬರ್ ಚಪ್ಪಲಿ ಹುಡುಕುವ ಧೀರ ನಾನು! ಕೆಲವು ದಿನಗಳಿಂದ ಬರೀ ಗುಂಯ್‌ಗುಟ್ಟುತ್ತಿದ್ದ ಮೋಟಾರು ಸರ್ರನೆ ತಿರುಗಿತು. ಅಮ್ಮ ತಾರಸಿಯಲ್ಲಿ ಟ್ಯಾಂಕ್ ನೋಡುತ್ತಿದ್ದಳು. ಖುಷಿಯಲ್ಲಿ, ಕಳೆದ ವರ್ಷ ತೀರಿಕೊಂಡ ಅಪ್ಪ ಮೋಟಾರ್ ಹಾಕಿದಾಗಲೆಲ್ಲ ಕೂಗುತ್ತಿದ್ದಂತೆಯೇ, ಅವರದೇ ದನಿಯಲ್ಲಿ ಕೂಗಿಬಿಟ್ಟೆ.

“ಏನೇ, ನೀರ್ ಬಂತೇನೇ?”

“ಬಂತೂ ರೀ! ಆಫ್ ಮಾಡ್ಬೇಡಿ, ತುಂಬ್ಲಿ!”

ಆ ‘ರೀ’ ಕೇಳಿದ ಮೇಲೆಯೇ ನಾಲಿಗೆ ಕಚ್ಚಿಕೊಂಡೆ. ಬೀದಿಯವರನ್ನೆಲ್ಲ ಅಣಕಿಸಿ ಬೈಸಿಕೊಳ್ಳುವ ನಾನು, ಅಪ್ಪ ಹೋದ ಮೇಲೆ ಅವರ ದನಿಯನ್ನು ಮಾತ್ರ ಮುಟ್ಟಿರಲಿಲ್ಲ. ಇವತ್ತು ಕಪಾಳಮೋಕ್ಷ ಗ್ಯಾರಂಟಿ ಅಂದುಕೊಂಡೇ ಮೆಟ್ಟಿಲು ಹತ್ತಿದೆ. ಅಮ್ಮ ಟ್ಯಾಂಕಿನ ಮುಚ್ಚಳ ಹಿಡಿದುಕೊಂಡು ನಿಂತಿದ್ದಳು. ನನ್ನ ಕಡೆ ತಿರುಗದೆಯೇ, “ಕೆಳಗೋಗಿ ಇನ್ನೊಂದ್ಸಲ ಕೇಳೋ” ಎಂದಳು.

ಇಳಿದು ಹೋಗಿ ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ.

ಈಗಲೂ ನಾನು ಮೋಟಾರ್ ಹಾಕುವ ಹೊತ್ತಿಗೆ ಸರಿಯಾಗಿ ಅಮ್ಮ ತಾರಸಿ ಹತ್ತುತ್ತಾಳೆ. ಟ್ಯಾಂಕ್ ತುಂಬಿ ಹರಿದರೂ ಬೇಗ ಇಳಿಯುವುದಿಲ್ಲ.