ಒಂದೇ ಸಲದ ಔಷಧ

ತಮ್ಮನದು ರಕ್ತ ಹೆಪ್ಪುಗಟ್ಟದ ಕಾಯಿಲೆ. ತಾಯಿಯ ಕಡೆಯಿಂದ ಇಳಿದುಬಂದದ್ದು. ಬೀಳದೆ, ಯಾರೂ ಹೊಡೆಯದೆ, ಸುಮ್ಮನೆ ಕೂತಲ್ಲೇ ಮೊಣಕಾಲಿನ ಕೀಲಿನೊಳಗೆ ರಕ್ತ ಸೋರಿ ಕಾಲು ಕುಂಬಳಕಾಯಿಯಂತೆ ಊದುತ್ತಿತ್ತು. ಬೀದಿಯ ಮಕ್ಕಳು ಅವನಿಗೆ ‘ಗಾಜು’ ಎಂದು ಹೆಸರಿಟ್ಟಾಗ ಅಕ್ಕ ಅವರಲ್ಲೊಬ್ಬನ ಹಲ್ಲು ಉದುರಿಸಿ ಬಂದಿದ್ದಳು. “ನಿನಗೇನು, ಗಾಯವಾದ್ರೆ ರಕ್ತ ನಿಲ್ಲತ್ತೆ. ಅದಕ್ಕೇ ಇಷ್ಟು ಪೊಗರು,” ಎಂದಿದ್ದ ತಮ್ಮ, ನಗುತ್ತಲೇ.

ಆ ಮಾತು ಅವಳಿಗೆ ಚುಚ್ಚಿತೋ, ಅಥವಾ ಅವಳು ಹುಟ್ಟಿದ್ದೇ ಹಟಮಾರಿಯಾಗಿಯೋ, ಓದಿ ವಿಜ್ಞಾನಿಯಾದಳು. ಸಂಶೋಧನಾ ಸಂಸ್ಥೆಯೊಂದರ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಬ್ಲೀಚಿನ ವಾಸನೆ, ಸದಾ ಗುಂಯ್‌ಗುಡುವ ಫ್ರೀಜರ್. ಅಲ್ಲಿ ಅವಳು ನಿರುಪದ್ರವಿಯಾದ ಒಂದು ವೈರಸ್ಸಿನ ಹೊಟ್ಟೆ ಬಗೆದು ಖಾಲಿ ಮಾಡಿ, ಆ ಚಿಪ್ಪಿನೊಳಗೆ ತಮ್ಮನಂಥವರಲ್ಲಿ ಕೆಟ್ಟುಹೋದ ಜೀನಿನ ಸರಿಯಾದ ಪ್ರತಿಯನ್ನು ತುಂಬುತ್ತಿದ್ದಳು. ರಕ್ತಕ್ಕೆ ಬಿಟ್ಟರೆ ಅದು ನೆಟ್ಟಗೆ ಯಕೃತ್ತಿಗೆ ಹೋಗಿ ಹೊರೆ ಇಳಿಸಬೇಕು. ಹೋಗಲಿಲ್ಲ. ಹೋದರೆ ಇಳಿಸಲಿಲ್ಲ. ಇಳಿಸಿದರೆ ಆ ಜೀನು ಬಾಯಿ ಬಿಡಲಿಲ್ಲ. ಹೀಗೇ ಅವಳ ಕೂದಲು ಬೆಳ್ಳಗಾಯಿತು. ಬಂದ ಸಂಬಂಧಗಳೆಲ್ಲ ಬಾಗಿಲಿಂದಲೇ ತಿರುಗಿಹೋದವು. “ಇವಳು ವೈರಸ್ಸನ್ನೇ ಕಟ್ಟಿಕೊಂಡಿದಾಳೆ,” ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಅಷ್ಟರಲ್ಲಿ ತಮ್ಮ ಕ್ಯಾಮೆರಾ ರಿಪೇರಿ ಕಲಿತು, ಅಂಗಡಿ ಹಾಕಿ, ಮದುವೆಯಾಗಿ, ಒಬ್ಬ ಮಗಳ ತಂದೆಯಾಗಿದ್ದ. ಮೊಣಕಾಲು ಮಾತ್ರ ಸವೆಯುತ್ತಲೇ ಇತ್ತು.

ಕೊನೆಗೊಂದು ದಿನ ಅದೇ ಕಾಯಿಲೆಯ ಇಲಿಗಳಿಗೆ ಚುಚ್ಚಿದಾಗ ಅವುಗಳ ಗಾಯದ ರಕ್ತ ನಿಂತಿತು. ಮನುಷ್ಯರ ಮೇಲಿನ ಪ್ರಯೋಗ ಶುರುವಾಯಿತು. ಅದನ್ನು ನಡೆಸುತ್ತಿದ್ದ ಆಸ್ಪತ್ರೆಯ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು.

“ನಿಮ್ಮ ತಮ್ಮ ಕಾಯಲಿ. ಮೊದಲ ಗುಂಪಿಗೆ ಕೊಡೋದು ತೀರಾ ಕಡಿಮೆ. ಅದು ಅಪಾಯ ಇದೆಯಾ ಅಂತ ನೋಡೋಕೆ, ವಾಸಿ ಮಾಡೋಕಲ್ಲ. ಒಂದು ಸಲ ತಗೊಂಡ್ರೆ ಮೈ ಆ ಚಿಪ್ಪನ್ನ ಗುರುತಿಟ್ಟುಕೊಳ್ಳತ್ತೆ. ಎರಡನೇ ಸಲ ಒಳಗೆ ಬಿಡಲ್ಲ. ನಿಮಗೆ ನಾನು ಹೇಳಬೇಕಾ?”

ಹೇಳಬೇಕಾಗಿರಲಿಲ್ಲ. ಆದರೆ ಅವಳಿಗೆ ತನ್ನ ಇಲಿಗಳ ಮೇಲೆ ಅಷ್ಟು ನಂಬಿಕೆ. “ತೂಕದ ಲೆಕ್ಕದಲ್ಲಿ ಇದರ ಅರ್ಧವೇ ಇಲಿಗೆ ಸಾಕಾಗಿದೆ,” ಎಂದಳು. ಮುಂದಿನ ಗುಂಪಿನವರೆಗೆ ಪ್ರಯೋಗ ನಡೆಯುತ್ತದೆಯೋ, ನಡುವೆಯೇ ನಿಂತುಹೋಗುತ್ತದೆಯೋ ಎಂಬ ಹೆದರಿಕೆಯೂ ಇತ್ತು. ತಮ್ಮನನ್ನು ಕೇಳಿದರೆ, “ನೀನು ಹೇಳಿದ ಹಾಗೆ ಅಕ್ಕ. ನನಗೇನು ಗೊತ್ತಾಗತ್ತೆ?” ಎಂದ. ಅವನನ್ನು ಮೊದಲ ಗುಂಪಿಗೇ ಸೇರಿಸಿದಳು.

ಇಲಿಗೆ ಸಾಕಾದದ್ದು ಮನುಷ್ಯನಿಗೆ ಸಾಕಾಗಲಿಲ್ಲ. ತಮ್ಮನ ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶ ಒಂದಿಷ್ಟು ಏರಿದಂತಾಗಿ ಇಳಿದುಹೋಯಿತು. ಮುಂದಿನ ಗುಂಪುಗಳಿಗೆ ಹೆಚ್ಚು ಕೊಟ್ಟರು. ಅದು ಹಿಡಿಯಿತು. ಗಾರೆ ಕೆಲಸದವನೊಬ್ಬ ಅವಳನ್ನು ಹುಡುಕಿಕೊಂಡು ಬಂದು ಅಂಗೈಯ ಗಾಯ ತೋರಿಸಿದ. “ನೋಡಿ ಮೇಡಂ, ಇಟ್ಟಿಗೆ ತಾಗಿ ಹರೀತು. ತಾನಾಗೇ ನಿಂತಿದೆ.” ಅವಳು ಆ ಗಾಯವನ್ನು ನೋಡಿದಳು, ಒಳ್ಳೆಯದಾಗಲಿ ಎಂದಳು. ಅವನು ಹೋದ ಮೇಲೆ, ಫ್ರೀಜರಿನ ಬಾಗಿಲು ಸರಿಯಾಗಿ ಮುಚ್ಚಿಲ್ಲವೆಂದು ಸಹಾಯಕಿಯನ್ನು ಎಲ್ಲರೆದುರು ಹಿಗ್ಗಾಮುಗ್ಗಾ ಬೈದಳು.

ಪತ್ರಿಕೆಯಲ್ಲಿ ಅವಳ ಫೋಟೊ ಬಂತು. ಅಮ್ಮ ಅದನ್ನು ಮಡಚಿ ದಿಂಬಿನ ಕೆಳಗಿಟ್ಟು, “ಕಂಡವರ ಮಕ್ಕಳಿಗೆಲ್ಲ ಆಯ್ತು,” ಎಂದಳು.

ತಮ್ಮ ಮುನಿಸಿಕೊಳ್ಳಲಿಲ್ಲ, ಅದೇ ಅವಳಿಗೆ ತಡೆಯಲಾಗದಾಯಿತು. ಬೇರೆ ಬೇರೆ ವೈರಸ್ಸುಗಳ ಚಿಪ್ಪು ಹಿಡಿದು ಮತ್ತೆ ಮೊದಲಿಂದ ದುಡಿದಳು. ಪ್ರತಿ ಸಲವೂ ತಮ್ಮನ ರಕ್ತ ತಂದು ಅದರ ಜೊತೆ ಬೆರೆಸಿ ನೋಡುವಳು. ಹಳೆಯದನ್ನು ತಡೆದ ಹಾಗೆಯೇ ಆ ರಕ್ತ ಹೊಸದನ್ನೂ ತಡೆಯಿತು. “ನನ್ನ ಮೈಗೆ ಹಗೆ ಮರೆಯೋ ಅಭ್ಯಾಸ ಇಲ್ಲ, ವೈರಸ್ಸಕ್ಕ,” ಎಂದ ತಮ್ಮ, ತೋಳಿನ ಮೇಲೆ ಹತ್ತಿ ಒತ್ತಿಕೊಂಡು. ಅದನ್ನು ಒತ್ತಿ ಹಿಡಿದೇ ಬಹಳ ಹೊತ್ತು ಕೂತಿರಬೇಕಾಯಿತು. ಕಡೆಗೆ ನಿರ್ದೇಶಕರು, “ಒಬ್ಬರಿಗೋಸ್ಕರ ಪ್ರಯೋಗಾಲಯ ನಡೆಸೋಕಾಗಲ್ಲ,” ಎಂದು ಆ ಕೆಲಸ ನಿಲ್ಲಿಸಿದರು. ಅವಳ ನಿವೃತ್ತಿಯೂ ಹತ್ತಿರವಿತ್ತು.

ಆ ವರ್ಷವೇ ತಮ್ಮನ ಮಗಳು ಗರ್ಭಿಣಿಯಾದಳು. ಪರೀಕ್ಷೆ ಮಾಡಿಸಿ ಬಂದವಳು ನೇರ ಅತ್ತೆಯ ಮನೆಗೇ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಜೊತೆಗೆ ತಮ್ಮನೂ ಬಂದಿದ್ದ, ಊರುಗೋಲು ಗೋಡೆಗೆ ಆನಿಸಿ.

“ಗಂಡು ಮಗು, ಅತ್ತೆ. ಕಾಯಿಲೆ ಇದೆಯಂತೆ,” ಎಂದಳು ಮಗಳು.

“ಈಗ ಔಷಧ ಇದೆಯಲ್ಲಮ್ಮ,” ಎಂದಳು ಅಕ್ಕ. “ದೊಡ್ಡವನಾಗೋವರೆಗೆ ರಕ್ತ ಹೆಪ್ಪುಗಟ್ಟಿಸೋ ಸೂಜಿ. ಆಮೇಲೆ ಇದನ್ನ ಒಂದು ಸಲ ಕೊಟ್ಟರೆ...”

ತಮ್ಮ ಕಾಲು ನೀವಿಕೊಳ್ಳುತ್ತಿದ್ದ. ತಲೆಯೆತ್ತಲಿಲ್ಲ.

“ಕೊಡಿಸು. ಆದರೆ ಅವನನ್ನ ಸಾಲಿನ ಕೊನೆಗೆ ನಿಲ್ಲಿಸು, ಅಕ್ಕ. ಊರವರೆಲ್ಲ ತಗೊಂಡ ಮೇಲೆ.”

ಅಷ್ಟು ವರ್ಷದಲ್ಲಿ ಅವನು ಆಡಿದ ಗಟ್ಟಿ ಮಾತು ಅದೊಂದೇ. ಅವಳು “ಆಗಲಿ” ಎಂದು ಎದ್ದು, ಅವರಿಬ್ಬರಿಗೆ ನೀರು ತರಲು ಒಳಗೆ ಹೋದಳು.