ಜರ್ಮನ್ ಹೋಟೆಲಿನ ಬಾಗಿಲಲ್ಲಿ ದೊಡ್ಡಪ್ಪನ ಚಪ್ಪಲಿ

ಇವತ್ತು ನನ್ನ ಮಾನ ಹೋಯಿತು ಅಂದುಕೊಂಡಿದ್ದೆ, ಗೆಳೆಯರೇ. ಅಬ್ಬಿಗೆರೆಯ ದೊಡ್ಡಪ್ಪನನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೊರಟವನು ಯಲಹಂಕ ದಾಟಿದ ಮೇಲೆ ಒಂದು ಜರ್ಮನ್ ಹೋಟೆಲಿನ ಮುಂದೆ ಕಾರು ನಿಲ್ಲಿಸಿದೆ. ನಾವೇ ಮೊದಲ ಗಿರಾಕಿಗಳು. ದೊಡ್ಡಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟರು.

“ಇಲ್ಲೆಲ್ಲ ಬಿಡ್ಬಾರ್ದು ದೊಡ್ಡಪ್ಪ, ಹಾಕ್ಕೊಳಿ. ಜನ ನಗ್ತಾರೆ.”

“ಊಟಕ್ ಕೂರೋ ಜಾಗಕ್ಕೆ ಮೆಟ್ಟಾಕ್ಕೊಂಡು ಓಗ್ತಾರೇನ್ಲಾ?” ಎನ್ನುತ್ತ ಬರಿಗಾಲಲ್ಲೇ ಒಳನಡೆದರು. ನಾನು ತಲೆಯೆತ್ತದೆ ಸಾಸೇಜು, ಆಲೂಗಡ್ಡೆ ತಿಂದು ಮುಗಿಸಿದೆ.

ಹೊರಗೆ ಬಂದರೆ ಆ ಚಪ್ಪಲಿಯ ಪಕ್ಕ ಒಂಬತ್ತು ಜೊತೆ ಸಾಲಾಗಿದ್ದವು. ಆಮೇಲೆ ಬಂದವರೆಲ್ಲ ಇದೇ ಇಲ್ಲಿಯ ಪದ್ಧತಿ ಅಂದುಕೊಂಡಿದ್ದಾರೆ! ಅಷ್ಟರಲ್ಲಿ ಬಂದ ಜರ್ಮನ್ ಮಾಲೀಕರು ಸಾಲನ್ನು ನೋಡಿ ಒಂದು ಗಳಿಗೆ ನಿಂತು, ಬಗ್ಗಿ ತಮ್ಮ ಬೂಟಿನ ಲೇಸು ಬಿಚ್ಚತೊಡಗಿದರು.

ಶೂ ಹಾಕಿಕೊಂಡು ಉಂಡ ಅನಾಗರಿಕ ನಾನೊಬ್ಬನೇ.