ಬೂದಿ ಡಬ್ಬಿಯ ಹಕ್ಕಿ

ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ದುಡಿದ ಹೆಂಗಸು ನಿವೃತ್ತಿಯಾದ ಮೇಲೆ ಏನು ಮಾಡಬೇಕು? ಕಾಲು ಚಾಚಿ ಕೂರಬೇಕು ಅಂತ ಮನೆಯವರೆಲ್ಲ ಅಂದುಕೊಂಡಿದ್ದರು. ನಮ್ಮ ಕಂಡಕ್ಟರಮ್ಮ ಕೂತಿದ್ದೇನೋ ನಿಜ, ಆದರೆ ಕೂತದ್ದು ಬೆಂಕಿಯ ಮುಂದೆ! ಪಕ್ಕದ ಬೀದಿಯಲ್ಲಿ ಗಾಜಿನ ಕಡ್ಡಿಗಳನ್ನು ಉರಿಯಲ್ಲಿ ಕರಗಿಸಿ ಮಣಿ, ಹೂವು, ಹಕ್ಕಿ ಮಾಡುವ ಎಪ್ಪತ್ತರ ಮುದುಕಿಯೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಆಕೆ ಗಾಜಿನಕ್ಕ. ಒಂದು ದಿನ ಕಿಟಕಿಯಿಂದ ಆಕೆಯ ಕೆಲಸ ನೋಡುತ್ತ ನಿಂತಿದ್ದ ಕಂಡಕ್ಟರಮ್ಮ ತರಕಾರಿ ಚೀಲದ ಸಮೇತ ಒಳಗೆ ನುಗ್ಗಿ, "ನನಗೂ ಕಲಿಸ್ತೀರಾ ಅಕ್ಕಾ?" ಅಂದುಬಿಟ್ಟಳು.

ಗಾಜಿನಕ್ಕನ ಬಾಯಿ ಅಂದರೆ ಬಾಯಿ. "ಕಡ್ಡಿ ತಿರುಗಿಸ್ತಾನೇ ಇರು! ಕೈ ನಿಲ್ಲಿಸಿದರೆ ಗಾಜು ಜೇನುತುಪ್ಪದ ಹಾಗೆ ಇಳಿದುಹೋಗುತ್ತೆ" ಅಂತ ದಿನವಿಡೀ ಗದರುತ್ತಿದ್ದಳು. ಓಡುವ ಬಸ್ಸಿನಲ್ಲಿ ಟಿಕೆಟ್ ಹರಿದು ಪಳಗಿದ ಬೆರಳುಗಳಿಗೆ ಅದೇನು ಮಹಾ? ಎರಡೇ ತಿಂಗಳಲ್ಲಿ ಕೈ ಕುದುರಿತು. "ಬೆರಳು ಪರವಾಗಿಲ್ಲ" ಅಂತ ಮುದುಕಿಯೂ ಒಪ್ಪಿದಳು.

ತೊಂದರೆ ಇದ್ದದ್ದು ಕಣ್ಣಿನಲ್ಲಿ. ಮಾಡಿದ ಹಕ್ಕಿಯನ್ನು ಬಿಸಿ ಬೂದಿ ತುಂಬಿದ ತಗಡಿನ ಡಬ್ಬಿಯಲ್ಲಿ ಹೂತಿಟ್ಟು, ಮಾರನೆಯ ದಿನದವರೆಗೆ ಮುಚ್ಚಳ ಮುಟ್ಟಬಾರದು. ತಣ್ಣನೆಯ ಗಾಳಿ ಸೋಕಿದರೆ ಟಿಕ್ ಅಂತ ಸೀಳು ಬಿಡುತ್ತದೆ. ಆದರೆ ಪ್ರತಿ ಸ್ಟಾಪಿನಲ್ಲೂ ಹಿಂದಿನ ಸೀಟಿನವರೆಗೆ ಕಣ್ಣಾಡಿಸಿದ ಹೆಂಗಸು ಇವಳು! ನೋಡದೆ ಇರುವುದು ಹೇಗೆ? "ಒಂಚೂರು ಅಷ್ಟೇ" ಅಂತ ಬೂದಿ ಸರಿಸುವುದು, ಟಿಕ್ ಅನ್ನುವುದು. ಹೀಗೆ ಐದು ಹಕ್ಕಿಗಳು ಹೋದವು.

ಐದನೆಯದರ ತಲೆ ಉರುಳಿದಾಗ ಗಾಜಿನಕ್ಕ ಈ ಸಲ ಗದರಲಿಲ್ಲ. ಮೆಲ್ಲಗೆ ಅಂದಳು: "ಕಲಿಯೋರಿಗೆ ಅಂತ ಇಲ್ಲಿ ಇರೋದೇ ಒಂದು ಕುರ್ಚಿ. ಅದಕ್ಕೆ ಇನ್ನೊಬ್ಬಳು ಕಾಯ್ತಿದ್ದಾಳೆ. ಶನಿವಾರದೊಳಗೆ ಒಂದೇ ಒಂದು ಹಕ್ಕಿ ಇಡಿಯಾಗಿ ಬರಲಿ. ಇಲ್ಲಾಂದ್ರೆ ನಿನಗೂ ಇದಕ್ಕೂ ಆಗಿಬರಲ್ಲ."

ಕಂಡಕ್ಟರಮ್ಮ ನೇರ ಮನೆಗೆ ನಡೆದಳು. ಬಸ್ಸಿನ ಕೆಲಸ ಮಾಡಿದ್ದು ಮನೆಗಾಗಿ, ಮಕ್ಕಳ ಓದಿಗಾಗಿ, ನಾದಿನಿಯ ಮದುವೆಗಾಗಿ. ತನಗೆ ಅಂತ ಬಾಯಿಬಿಟ್ಟು ಕೇಳಿದ್ದು ಈ ಕುರ್ಚಿಯೊಂದನ್ನೇ. ಅದೂ ಹೋದರೆ? ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಚೆನ್ನಾಗಿ ಅತ್ತಳು. ಆಮೇಲೆ ಮುಖ ತೊಳೆದು ಗಂಡನ ಮುಂದೆ ಬಂದು ನಿಂತಳು. "ನಾಳೆ ಶುಕ್ರವಾರ. ಹಕ್ಕಿ ಬೂದಿಗೆ ಹಾಕಿದ ತಕ್ಷಣ ನನ್ನನ್ನ ಅಲ್ಲಿಂದ ಎಳ್ಕೊಂಡು ಬನ್ನಿ. ಬರಲ್ಲ ಅಂದ್ರೂ ಬಿಡಬೇಡಿ."

"ಇಷ್ಟು ವರ್ಷ ನೀನು ನನ್ನನ್ನ ಎಳೆದದ್ದು ಸಾಲದಾ?" ಅಂತ ಅವನು ನಕ್ಕ. ಆದರೆ ಹೇಳಿದ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಹಾಜರಾದ. ಹೆಂಡತಿಯ ಕೈ ಹಿಡಿದು ಬೀದಿಗುಂಟ ನಡೆಸಿಕೊಂಡು ಹೊರಟ. ಮೂಲೆಯ ಸೈಕಲ್ ಅಂಗಡಿಯ ಹತ್ತಿರ ಅವಳು ಎರಡು ಸಲ ಹಿಂತಿರುಗಿದಳು, ಎರಡು ಸಲವೂ ಅವನು ಬಿಡಲಿಲ್ಲ. ಮದುವೆಯಾದ ಹೊಸದರಲ್ಲೂ ಇವನು ಹೀಗೆ ಕೈ ಹಿಡಿದಿರಲಿಲ್ಲವಲ್ಲ ಅನ್ನಿಸಿ, ಆ ಸಂಕಟದಲ್ಲೂ ಅವಳಿಗೆ ನಗು ಬಂತು.

ಶನಿವಾರ ಬೆಳಿಗ್ಗೆ ಡಬ್ಬಿಯ ಮುಂದೆ ನಿಂತರೆ, ಈಗ ತೆಗೆಯಲು ಕೈಯೇ ಏಳದು.

"ತೆಗಿ" ಅಂದಳು ಗಾಜಿನಕ್ಕ.

"ನೀವೇ ತೆಗೀರಿ ಅಕ್ಕಾ."

"ನಾನು ಮುಟ್ಟಲ್ಲ. ನಿನ್ನೆ ನೀನು ಹೋದ ಮೇಲೆ ನಾನೇ ಎರಡು ಸಲ ಮುಚ್ಚಳದ ಹತ್ತಿರ ಬಂದು ವಾಪಸ್ ಹೋದೆ ಗೊತ್ತಾ? ನಿನ್ನ ಚಟ ನನಗೂ ಅಂಟಿಸಿದೀಯ."

ಕಂಡಕ್ಟರಮ್ಮ ಬೂದಿಯೊಳಗೆ ಬೆರಳಿಳಿಸಿದಳು. ತಲೆ ಸಿಕ್ಕಿತು. ತಲೆಯ ಜೊತೆಗೆ ಕುತ್ತಿಗೆ ಬಂತು, ರೆಕ್ಕೆ ಬಂತು, ಬಾಲವೂ ಬಂತು. ಅಂಗೈಯಲ್ಲಿ ಇಡೀ ಹಕ್ಕಿ! ಗಾಜಿನಕ್ಕ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು.

"ಬಾಲ ದಪ್ಪ ಆಯ್ತು. ಕುತ್ತಿಗೆ ಸೊಟ್ಟ. ಸೋಮವಾರ ಬೇಗ ಬಾ, ಕುತ್ತಿಗೆ ತಿದ್ದೋದು ಹೇಳಿಕೊಡ್ತೀನಿ."

"ಸೋಮವಾರ ಯಾಕಕ್ಕಾ?" ಕಂಡಕ್ಟರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕುರ್ಚಿ ಎಳೆದಳು. "ಇಗೋ, ಕೂತೆ."